ಒಂದೇ ಟ್ಯೂಬ್ ಬಣ್ಣದಲ್ಲಿ ದುರ್ಗ

ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ನಾನು ಎಷ್ಟೋ ಸಲ ಜಲವರ್ಣದಲ್ಲಿ ಬರೆದಿದ್ದೇನೆ. ಹೋದ ಬೇಸಿಗೆಯಲ್ಲಿ ಒಂದೇ ಟ್ಯೂಬ್ ಹಿಡಿದು ಕೂತೆ. ಬರ್ಂಟ್ ಅಂಬರ್, ಅಂದ್ರೆ ಸುಟ್ಟ ಮಣ್ಣಿನ ಕಂದು. ನೀರು ಜಾಸ್ತಿ ಮಾಡಿದರೆ ತಿಳಿ ಚಹಾದ ಬಣ್ಣ, ಗಟ್ಟಿಯಾಗಿ ಹಚ್ಚಿದರೆ ಹೆಚ್ಚುಕಡಿಮೆ ಕಪ್ಪು. ಹಳದಿ ಹಿಡಿದಿದ್ದರೆ ಎಷ್ಟು ಬಳಿದರೂ ನೆರಳು ಬರುತ್ತಿರಲಿಲ್ಲ. ಮೊದಲು ಹಾಳೆಯ ಅಂಚಿನಲ್ಲಿ ತಿಳಿಯಿಂದ ಗಾಢದವರೆಗೆ 7 ಚೌಕ ಹಚ್ಚಿಕೊಂಡೆ.

ಬಂಡೆಗಳು ಸಲೀಸಾಗಿ ಬಂದವು. ಬೆಳಗಿನ ಓರೆ ಬಿಸಿಲಲ್ಲಿ ಒಂದು ಮಗ್ಗುಲು ಬೆಳಕು, ಇನ್ನೊಂದು ನೆರಳು. ಬಿಳಿ ಬೇಕಾದ ಕಡೆ ಹಾಳೆಯನ್ನು ಹಾಗೇ ಬಿಟ್ಟೆ. ತೊಡಕಾಗಿದ್ದು ಬುಡದ ಪುಟ್ಟ ಗುಡಿ. ಕೆಮ್ಮಣ್ಣು ಬಳಿದ ಗೋಡೆ, ಹಿಂದೆ ಬೇವಿನ ಮರ. ಮನೆಗೆ ತಂದು ತೋರಿಸಿದರೆ ಅವ್ವ, "ಗುಡಿ ಎಲ್ಲಪ್ಪಾ? ಮರ ನುಂಗೈತಲ್ಲ" ಅಂದಳು. ನಿಜ. ಕೆಂಪು, ಹಸಿರು ಬೇರೆಯಾದರೂ ಎರಡರ ಹೊಳಪು ಒಂದೇ ಇತ್ತು. ಕಂದಿನಲ್ಲಿ ಎರಡೂ ಕಲಸಿಹೋದವು.

ರಾತ್ರಿ ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಹಚ್ಚಿ, ಉಳಿದ ಲೈಟೆಲ್ಲ ಆರಿಸಿದೆ. ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡೇ ಮಾಡಿದ್ದು. ಉಪ್ಪಿನ ಸೋಡಿಯಂ ಸುಮಾರು 589 ನ್ಯಾನೋಮೀಟರ್ ತರಂಗಾಂತರದ, ಹೆಚ್ಚುಕಡಿಮೆ ಒಂದೇ ಬಣ್ಣದ ಹಳದಿ ಬೆಳಕು ಕೊಡುತ್ತದೆ. ಅವ್ವನ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಾಯಿತು! ಹಸಿರು ಬಳೆ ಮಾಸಲು ಬೂದಿ. ಯಾವುದು ಯಾವ ಬಣ್ಣ ಅಂತ ಹೇಳಲಾಗದೆ, ತಿಳಿ, ಗಾಢ ಅಷ್ಟೇ ಉಳಿಯಿತು. ನನ್ನ ಚಿತ್ರದಲ್ಲಿ ಇರಬೇಕಾಗಿದ್ದೂ ಅದೇ ಅಲ್ವಾ?

ಮರುದಿನ ಸಂಜೆ ಗುಡಿ ಎದುರು ಕತ್ತಲಾಗೋವರೆಗೂ ಸುಮ್ನೆ ಕೂತೆ. ಹಗಲಲ್ಲಿ ಕಣ್ಣಿನ ಮೂರು ಬಗೆಯ ಶಂಕುಕೋಶಗಳು ಬಣ್ಣ ಗುರುತಿಸುತ್ತವೆ. ಕತ್ತಲಲ್ಲಿ ದಂಡಕೋಶಗಳದ್ದೇ ಕೆಲಸ. ಒಂದೊಂದು ಕಣ್ಣಲ್ಲಿ ಸುಮಾರು 12 ಕೋಟಿ ಇದ್ದರೂ ಅವೆಲ್ಲ ಒಂದೇ ಬಗೆ. ಹಾಗಾಗಿ ಅವಕ್ಕೆ ಬಣ್ಣ ತಿಳಿಯದು, ಬೆಳಕು ಎಷ್ಟಿದೆ ಅನ್ನೋದಷ್ಟೇ ತಿಳಿಯುತ್ತದೆ. ಕೆಂಪು ಬೆಳಕಂತೂ ಅವಕ್ಕೆ ತಟ್ಟುವುದೇ ಕಡಿಮೆ. ನಾನು ನೋಡುತ್ತಿದ್ದ ಹಾಗೇ ಗೋಡೆ ಮೊದಲು ಕಪ್ಪಾಯಿತು. ಬೇವಿನ ಸೊಪ್ಪು ಇನ್ನೂ ತಿಳಿಯಾಗೇ ಇತ್ತು.

ಹೊಸ ಹಾಳೆಯಲ್ಲಿ ಬೇವಿಗೆ ಒಂದೇ ತೆಳು ಕೈ ಹಚ್ಚಿದೆ. ಗೋಡೆಗೆ ಮೂರು ಕೈ, ಪ್ರತಿ ಸಲ ಪೂರ್ತಿ ಒಣಗಿದ ಮೇಲೆ. ಈ ಸಲ ಅವ್ವ ಗುಡಿಯನ್ನೇ ಮೊದಲು ನೋಡಿದಳು. "ಒಳಗೆ ದೀಪ ಹಚ್ಚಲಿಲ್ವೇನೋ?" ಅಂದಳು. ಒದ್ದೆ ಬ್ರಶ್ಶಿನ ತುದಿಯಿಂದ ಬಾಗಿಲಲ್ಲಿ ಒಂದು ಚುಕ್ಕೆಯಷ್ಟು ಬಣ್ಣ ಎತ್ತಿದೆ.