ಜಾರುವ ಉಣ್ಣೆಗೊಂದು ಬೆನ್ನೆಲುಬು

ಮೊದಲ ಮೂಟೆ ಮನೆಗೆ ಬಂದಾಗ ನಮ್ಮವರು ಕಾರಿನ ಕಿಟಕಿ ನಾಲ್ಕೂ ಇಳಿಸಿಕೊಂಡು ಓಡಿಸಿದ್ದರು. ಕಸ ತುಂಬುವ ಕಪ್ಪು ಚೀಲ, ಒಳಗೆ ಸುಮಾರು 2 ಕಿಲೋ ಅಲ್ಪಾಕಾ ಉಣ್ಣೆ, ಕಾಲಲ್ಲಿ ತುಳಿಯುವ ನನ್ನ ರಾಟೆಯಲ್ಲಿ ನೂಲಲೆಂದು ತರಿಸಿದ್ದು. ಜೊತೆಗೆ ಒಣಹುಲ್ಲು, ಮಣ್ಣು, ಒಂದೆರಡು ಹಿಕ್ಕೆ. ನಾವಿರುವುದು ಓಹಿಯೊದಲ್ಲಿ. ಕೊಲಂಬಸ್ ದಾಟಿ ಸ್ವಲ್ಪ ಹೊತ್ತು ಹೋದರೆ ಅಲ್ಪಾಕಾ ಸಾಕುವ ಸಣ್ಣ ಸಣ್ಣ ಫಾರ್ಮುಗಳಿವೆ. ವರ್ಷಕ್ಕೆ ಒಂದೇ ಸಲ, ಬೇಸಿಗೆಗೆ ಮುಂಚೆ, ಉಣ್ಣೆ ಕತ್ತರಿಸುತ್ತಾರೆ. ಬೆನ್ನು ಮತ್ತು ಪಕ್ಕೆಯದ್ದು ಒಳ್ಳೆಯ ಬೆಲೆಗೆ ಹೋಗುತ್ತದೆ. ಕತ್ತಿನದ್ದು, ತೊಡೆಯದ್ದು ಎರಡನೇ ದರ್ಜೆ. ನನಗೆ ಅಗ್ಗಕ್ಕೆ ಸಿಕ್ಕಿದ್ದು ಎರಡೂ ಕಲಸಿದ್ದು.

ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದಳು, "ಇದೇನೇ ಇದು, ಕುರಿನೋ ಒಂಟೆನೋ?" ಒಂಟೆಯೇ ಹತ್ತಿರ. ಅಲ್ಪಾಕಾ ಒಂಟೆಯ ಕುಟುಂಬಕ್ಕೆ ಸೇರಿದ್ದು. ತವರು ಆಂಡೀಸ್ ಬೆಟ್ಟ, ಇವತ್ತಿಗೂ ಪೆರುವಿನಲ್ಲೇ ಅತಿ ಜಾಸ್ತಿ. ಅಮೆರಿಕಕ್ಕೆ ಸಾಕುವುದಕ್ಕೆಂದು ತರಿಸಲು ಶುರುಮಾಡಿದ್ದು 1984ರಲ್ಲಿ. ಅಮ್ಮ ಮೊಳಕಾಲ್ಮುರಿನವಳು. ಮಗ್ಗದ ಸದ್ದಿನಲ್ಲೇ ಬೆಳೆದವಳು, ಸ್ಕೂಲಿನಲ್ಲಿ ತಕಲಿಯಲ್ಲಿ ಹತ್ತಿ ನೂತವಳು. ಹಾಗಾಗಿ ನನ್ನ ಈ ಹುಚ್ಚಿಗೆ ಅವಳು ಬೈಯುವುದಿಲ್ಲ, ತಪ್ಪು ಹುಡುಕುತ್ತಾಳೆ ಅಷ್ಟೆ.

ಅದಕ್ಕೆ ಮುಂಚೆ ಮೂರು ವರ್ಷ ನಾನು ಕುರಿ ಉಣ್ಣೆ ನೂತಿದ್ದೆ. ಅದೇ ಧೈರ್ಯದಲ್ಲಿ ಮೊದಲ ಹಿಡಿಯನ್ನು ಬಿಸಿನೀರಿನಲ್ಲಿ ವಾಷಿಂಗ್ ಮಷಿನ್‌ಗೆ ಹಾಕಿದೆ. ಹೊರಗೆ ಬಂದದ್ದು ಕಾಲೊರೆಸುವ ಮ್ಯಾಟು. ಆಮೇಲೆ ಗೊತ್ತಾಯಿತು, ಇದಕ್ಕೆ ಅಷ್ಟೆಲ್ಲ ತೊಳೆಯುವ ಅಗತ್ಯವೇ ಇಲ್ಲ. ಕುರಿ ಉಣ್ಣೆಯಲ್ಲಿ ಜಿಡ್ಡು ಇರುತ್ತದೆ, ಅದನ್ನು ಬಿಡಿಸಲು ಬಿಸಿನೀರು ಬೇಕು. ಅಲ್ಪಾಕಾದಲ್ಲಿ ಜಿಡ್ಡು ಇಲ್ಲವೆಂದೇ ಹೇಳಬಹುದು. ಇರುವುದೆಲ್ಲ ಧೂಳು. ಈ ಪ್ರಾಣಿಗೆ ಮಣ್ಣಿನಲ್ಲಿ ಹೊರಳುವುದೆಂದರೆ ಪ್ರಾಣ. ಈಗ ಅಂಗಳದಲ್ಲಿ ಸೊಳ್ಳೆ ಜಾಲರಿ ಬಿಗಿದ ಚೌಕಟ್ಟಿನ ಮೇಲೆ ಹರಡಿ ಕೊಡವುತ್ತೇನೆ, ಮಾಸ್ಕ್ ಹಾಕಿಕೊಂಡು. ಆಮೇಲೆ ಬಲೆ ಚೀಲದಲ್ಲಿ ತುಂಬಿ ತಣ್ಣೀರಿನಲ್ಲಿ ನೆನೆಹಾಕುತ್ತೇನೆ. ಕೈಯಾಡಿಸುವುದಿಲ್ಲ. ಮೂರು ಸಲ ನೀರು ಬದಲಾಯಿಸಿದರೆ ಸಾಕು, ಮೊದಲ ನೀರು ಮಾತ್ರ ಕಾಫಿ ಡಿಕಾಕ್ಷನ್ ಥರ ಇರುತ್ತದೆ.

ಹಿಂಜುವಾಗ ಸುಖವೋ ಸುಖ. ಕೈಗೆ ಬೆಣ್ಣೆ ಹಚ್ಚಿಕೊಂಡ ಹಾಗಿರುತ್ತದೆ. ನೂಲಲು ಕೂತಾಗಲೇ ಕಷ್ಟ ಶುರು. ಹಿಂಜಿದ ಉಣ್ಣೆಯ ಹಂಜಿಯಿಂದ ಎಳೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ, ಇದ್ದಕ್ಕಿದ್ದಂತೆ ಜಾರಿ ಎರಡು ತುಂಡು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಕುರಿಯದ್ದರಲ್ಲಿ ಅವು ಎದ್ದು ನಿಂತು ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತವೆ. ಅಲ್ಪಾಕಾದಲ್ಲಿ ಅವು ಮಲಗಿಬಿಟ್ಟಿರುತ್ತವೆ. ಗುಂಗುರೂ ಕಡಿಮೆ. ಹಿಡಿತವೂ ಇಲ್ಲ, ಎಳೆದರೆ ವಾಪಸ್ ಬರುವ ಗುಣವೂ ಇಲ್ಲ. ಹೇಗೋ ಏಗಿ ಒಂದು ಲಡಿ ನೂತು ಟೋಪಿ ಹೆಣೆದೆ. ಮೊದಲ ದಿನ ಸರಿಯಾಗಿ ಕೂತಿತ್ತು. ವಾರ ಕಳೆಯುವುದರಲ್ಲಿ ಹುಬ್ಬಿನ ಮೇಲಿಳಿಯಿತು, ತಿಂಗಳಿಗೆ ಮೂಗಿನ ಮೇಲೆ.

ಆಂಡೀಸ್ ಹೆಂಗಸರು ಇದನ್ನೇ ಸಾವಿರಾರು ವರ್ಷ ನೂತಿದ್ದಾರಲ್ಲ, ಅವರು ಹೇಗೆ ಮಾಡುತ್ತಾರೆ? ಹುರಿ, ಅಂದರೆ ನೂಲಿನ ತಿರುಚು, ಸಿಕ್ಕಾಪಟ್ಟೆ ಹಾಕುತ್ತಾರೆ. ಅವರ ಕದಿರಿನ ಹೆಸರು ಪುಷ್ಕಾ, ಅಮ್ಮನ ತಕಲಿಯ ದೊಡ್ಡಕ್ಕನ ಹಾಗೆ. ಬೆಟ್ಟದ ದಾರಿಯಲ್ಲಿ ನಡೆಯುತ್ತಲೇ ನೂಲುತ್ತಾರೆ. ಎಳೆ ಗಟ್ಟಿಯಾಗಿ, ಸಣ್ಣಗೆ ಇರುತ್ತದೆ. ಆಮೇಲೆ ಎರಡೆಳೆ ಸೇರಿಸಿ ಮತ್ತೆ ಬಿಗಿ ಹುರಿ. ಎಡಕ್ಕೆ ತಿರುಗಿಸಿ ನೂತ ನೂಲಿಗೆ ಅಲ್ಲಿ ಲ್ಯೊಕೆ ಅಂತ ಬೇರೆ ಹೆಸರೇ ಇದೆ, ಕೆಟ್ಟದ್ದು ತಟ್ಟದಿರಲಿ ಎಂದು ಬಳಸುತ್ತಾರೆ. ಅವರ ಥರ ಹುರಿ ಹಾಕಿದರೆ ನೂಲು ನಿಲ್ಲುತ್ತದೆ, ನಿಜ. ಆದರೆ ನನಗೆ ಬೇಕಿದ್ದದ್ದು ಬೇರೆ. ಉಬ್ಬು, ಗುಂಗುರು, ಜಟೆ, ಕುಣಿಕೆ, ಹೀಗೆ ಮನಸ್ಸಿಗೆ ಬಂದ ಹಾಗೆ ಆಡಿಸಬಹುದಾದ ನೂಲು.

ಮೊದಲು ಮಾಡಿದ್ದು ದಪ್ಪ-ಸಣ್ಣ ನೂಲು. ಒಂದು ಗೇಣು ದಪ್ಪ, ಒಂದು ಗೇಣು ತೆಳ್ಳಗೆ. ಹುರಿ ಯಾವಾಗಲೂ ತೆಳ್ಳಗಿರುವ ಕಡೆಗೇ ಓಡುತ್ತದೆ. ತೆಳು ಭಾಗ ತಂತಿಯಾಯಿತು, ದಪ್ಪ ಭಾಗ ಹುರಿಯೇ ಇಲ್ಲದ ಹತ್ತಿಯುಂಡೆ. ಕುರಿ ಉಣ್ಣೆಯಾದರೆ ಆ ಉಂಡೆ ತನ್ನಷ್ಟಕ್ಕೆ ತಾನು ಹಿಡಿದುಕೊಂಡಿರುತ್ತಿತ್ತು. ಇದು ಬಾಬಿನ್‌ನಿಂದ ಬಿಚ್ಚುವಾಗಲೇ ಜಾರಿಹೋಯಿತು. ಎರಡು ಶನಿವಾರ ದಂಡ.

ಅಲ್ಲಿಗೆ ನನಗೆ ಅರ್ಥವಾಯಿತು, ಈ ಉಣ್ಣೆಯಿಂದ ಏನು ಆಟ ಆಡಿಸುವುದಿದ್ದರೂ ಒಳಗೊಂದು ಬೆನ್ನೆಲುಬು ಕೊಡಬೇಕು. ಭಾರ ಹೊರುವ ಕೆಲಸ ಬೇರೆ ದಾರಕ್ಕೆ, ಮೆರೆಯುವ ಕೆಲಸ ಅಲ್ಪಾಕಾಗೆ.

ಅಂಗಡಿಯ ಎರಡೆಳೆ ಉಣ್ಣೆ ದಾರವನ್ನು ನಡುವೆ ಬಿಗಿಯಾಗಿ ಹಿಡಿದೆ. ಹಿಂಜಿದ ಅಲ್ಪಾಕಾವನ್ನು ಅದಕ್ಕೆ ಅಡ್ಡವಾಗಿ, ಕಾಟಕೋನದಲ್ಲಿ ತಾಗಿಸಿದೆ. ದಾರ ತಿರುಗುತ್ತಿದ್ದಂತೆ ಉಣ್ಣೆ ಅದರ ಸುತ್ತ ತಾನೇ ಸುತ್ತಿಕೊಳ್ಳತೊಡಗಿತು, ಹಬ್ಬದಲ್ಲಿ ಕಂಬಕ್ಕೆ ಬಣ್ಣದ ಕಾಗದ ಸುತ್ತಿದ ಹಾಗೆ. ಎಷ್ಟು ಖುಷಿಯಾಯಿತೆಂದರೆ ಎರಡು ಗಂಟೆ ಏಳಲೇ ಇಲ್ಲ. ಬಾಬಿನ್‌ನಿಂದ ಬಿಡಿಸಿದಾಗ ಅಷ್ಟೂ ನೂಲು ಹಳೇ ಟೆಲಿಫೋನ್ ವೈರಿನಂತೆ ಸುರುಳಿ ಸುರುಳಿ ತಿರುಚಿಕೊಂಡಿತು. ಕಾರಣ ದಡ್ಡತನ. ಅಂಗಡಿ ದಾರದ ಎರಡೆಳೆ ಎಡಕ್ಕೆ ಹುರಿಯಾಗಿತ್ತು, ಹಿಂದಿನ ದಿನದ ಕೆಲಸದ ಗುಂಗಿನಲ್ಲಿ ನಾನೂ ರಾಟೆಯನ್ನು ಎಡಕ್ಕೇ ತುಳಿದಿದ್ದೆ. ಹುರಿಯ ಮೇಲೆ ಹುರಿ ಏರಿತ್ತು. ಬಲಕ್ಕೆ ತುಳಿದಾಗ ದಾರದ ಹಳೆಯ ಹುರಿ ಸ್ವಲ್ಪ ಸಡಿಲವಾಗಿ, ಹೊಸದಕ್ಕೆ ಜಾಗ ಸಿಕ್ಕಿ, ಲಡಿ ಸುಮ್ನೆ ತೂಗಿತು. ಈಗ ಶುರುಮಾಡುವ ಮುಂಚೆ ನಡುದಾರದ ತುದಿಯನ್ನು ಬೆರಳಲ್ಲಿ ಬಿಚ್ಚಿ, ಯಾವ ಕಡೆ ಹುರಿ ಇದೆ ಅಂತ ನೋಡದೆ ರಾಟೆ ಮುಟ್ಟುವುದಿಲ್ಲ.

ಇನ್ನೊಂದು ತೊಂದರೆ ರಾಟೆಯ ಬಾಯಿಯದ್ದು. ಕಿರುಬೆರಳು ಹೋಗುವಷ್ಟು ತೂತಿನಲ್ಲಿ ಇಂಥ ನೂಲು ಸಿಕ್ಕಿಕೊಳ್ಳುತ್ತದೆ, ಕೊಕ್ಕೆಗಳಿಗಂತೂ ಹಬ್ಬ. ಕೊನೆಗೆ ದೊಡ್ಡ ಬಾಯಿಯ ಫ್ಲೈಯರ್, ಅಂದರೆ ನೂಲನ್ನು ಬಾಬಿನ್‌ಗೆ ಸುತ್ತುವ ಕೊಕ್ಕೆಗಳ ಭಾಗ, ತರಿಸಿಕೊಂಡೆ. ನಿಧಾನಕ್ಕೆ ತುಳಿಯುವುದನ್ನೂ ಕಲಿಯಬೇಕಾಯಿತು.

ಇನ್ನು ಸುರಿ. ಅಲ್ಪಾಕಾದಲ್ಲಿ ಎರಡು ಬಗೆ. ಉಬ್ಬಿದ ಗೊಂಬೆಯಂತೆ ಕಾಣುವುದು ವಕಾಯಾ, ಜಟೆ ಬಿಟ್ಟಿರುವುದು ಸುರಿ. ಹೆಸರು ಕೇಳಿ ನಗು ಬಂತು. ಕೂದಲು ಬೆನ್ನಿನಿಂದ ನೆಲದ ಕಡೆ ಸುರಿಯುತ್ತಲೇ ಇರುತ್ತದೆ, ಯಾರೋ ಕನ್ನಡದವರೇ ಹೆಸರಿಟ್ಟ ಹಾಗೆ. ರೇಷ್ಮೆಯಂತೆ ಹೊಳಪು, ವಕಾಯಾಗಿಂತಲೂ ಜಾರು. ಇದರಿಂದ ಬುಕ್ಲೆ ಮಾಡಬೇಕೆಂದು ಆಸೆ, ಮೈತುಂಬ ಸಣ್ಣ ಸಣ್ಣ ಕುಣಿಕೆ ಇರುವ ನೂಲು. ಮೊದಲು ಸುರಿಯನ್ನು ಬಲಕ್ಕೆ ನೂತು ಒಂದೆಳೆ ಮಾಡಿಕೊಂಡೆ. ಆಮೇಲೆ ಸಣ್ಣ ಉಣ್ಣೆ ದಾರವನ್ನು ಬಿಗಿ ಹಿಡಿದು, ರಾಟೆ ಎಡಕ್ಕೆ ತಿರುಗಿಸಿ, ಸುರಿಯ ಎಳೆಯನ್ನು ಸಡಿಲವಾಗಿ ಓರೆಯಲ್ಲಿ ಬಿಟ್ಟೆ. ನಾಲ್ಕು ಬೆರಳು ಸುತ್ತಿದ ಮೇಲೆ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಬೇಕು. ಸುತ್ತು ಒತ್ತೊತ್ತಾಗಿ ಕುಣಿಕೆ ಏಳುತ್ತದೆ. ನೋಡಲು ಚೆಂದ. ಆದರೆ ಒಂದು ಕುಣಿಕೆ ಮುಟ್ಟಿದರೆ ಎಲ್ಲವೂ ಕೈ ಬಳೆಗಳಂತೆ ಜಾರಿ ಒಂದೇ ಕಡೆ ಸೇರುತ್ತವೆ. ಅವನ್ನು ನಿಂತಲ್ಲೇ ಕಟ್ಟಿಹಾಕಲು ಮೂರನೆಯ ದಾರ ಬೇಕು. ಅದು ಕಣ್ಣಿಗೆ ಬೀಳದಷ್ಟು ಸಣ್ಣಗೂ ಇರಬೇಕು, ಹರಿಯಲೂಬಾರದು.

ಹೊಲಿಗೆ ದಾರ ಹಾಕಿದೆ, ಪ್ಲಾಸ್ಟಿಕ್‌ನಂತೆ ಮಿಂಚಿತು. ಆಗ ನೆನಪಾಯಿತು, ಹಿಂದಿನ ಸಲ ಊರಿನಿಂದ ಸುಮ್ನೆ ಆಸೆಗೆ ತಂದಿದ್ದ ಕಂಡಿಕೆಗಳು, ಮಗ್ಗದ ಅಡ್ಡದಾರ ಸುತ್ತುವ ಸಣ್ಣ ಕೊಳವೆಗಳು. ಅಮ್ಮನ ಬೀದಿಯ ಮಗ್ಗದ ಮನೆಯವರು ಸೀರೆ ಮುಗಿದ ಮೇಲೆ ಉಳಿದ ಹೊಕ್ಕಿನ ರೇಷ್ಮೆಯನ್ನು ಕಂಡಿಕೆಯ ಸಮೇತ ಕೊಟ್ಟಿದ್ದರು, ಗಿಳಿಹಸಿರು ಬಣ್ಣದ್ದು. ರಾಟೆ ಬಲಕ್ಕೆ ತಿರುಗಿಸಿ ಅದನ್ನು ಕುಣಿಕೆಗಳ ನಡುವೆ ಹಾಯಿಸಿದೆ. ಕಂದು ಸುರಿಯ ಒಳಗೆ ಹಸಿರು ಅಲ್ಲಲ್ಲಿ ಇಣುಕಿತು. ಕುಣಿಕೆ ಅಲ್ಲಾಡಲಿಲ್ಲ. ಆ ರಾತ್ರಿ ಅಡುಗೆ ಮಾಡಲಿಲ್ಲ, ಮೊಸರನ್ನವೇ ಗತಿ.

ಸುರಿಯ ಜಟೆಗಳ ಬುಡವನ್ನಷ್ಟೇ ನಡುದಾರಕ್ಕೆ ಸಿಕ್ಕಿಸಿ ತುದಿಗಳನ್ನು ಜೋತು ಬಿಡುವ ನೂಲೂ ಮಾಡಿದೆ. ನಮ್ಮವರು ಅದಕ್ಕೆ ನಾಯಿಬಾಲ ಅಂತ ಹೆಸರಿಟ್ಟರು. ಆಮೇಲೆ ಮತ್ತೆ ಮಾಡಿಲ್ಲ.

ಮುಗಿದ ಲಡಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಟವೆಲ್‌ನಲ್ಲಿ ಸುತ್ತಿ ಹಿಂಡುತ್ತೇನೆ. ನಡುದಾರದ ನೂಲನ್ನು ಮಾತ್ರ ಬಚ್ಚಲು ಗೋಡೆಗೆ ನಾಲ್ಕು ಸಲ ಬಡಿಯುತ್ತೇನೆ, ಒಗೆಯುವ ಕಲ್ಲಿಗೆ ಬಡಿದ ಹಾಗೆ. ಹೊರಗಿನ ಎಳೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಭಾರ ಕಟ್ಟಿ ನೇತುಹಾಕಲು ಹೋಗಬೇಡಿ, ಅಲ್ಪಾಕಾ ಎಳೆದುಕೊಂಡರೆ ಮತ್ತೆ ಕುಗ್ಗುವುದಿಲ್ಲ, ನನ್ನ ಟೋಪಿಯೇ ಸಾಕ್ಷಿ.

ಬುಕ್ಲೆ ನೂಲಿನಲ್ಲಿ ಅಮ್ಮನಿಗೊಂದು ಶಾಲು ಹೆಣೆದು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಮೊಳಕಾಲ್ಮುರಿನ ಬಿಸಿಲಿಗೆ ಅಲ್ಪಾಕಾ ಶಾಲು ಯಾಕೆ ಅಂತ ನೀವು ಕೇಳಬಹುದು, ಅವಳೂ ಅದನ್ನೇ ಕೇಳಿದಳು. ಮೂರು ದಿನ ಬಿಟ್ಟು ಫೋನ್ ಬಂತು. "ಶಾಲು ಮೆತ್ತಗೆ ಚೆನ್ನಾಗಿದೆ ಕಣೇ. ಆದರೆ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿತ್ತೋ ಏನೋ, ಎಳೆಯೆಲ್ಲ ಕಿತ್ಕೊಂಡು ಬಂದಿತ್ತು. ಸೂಜಿ ತಗೊಂಡು ಅರ್ಧ ಒಳಗೆ ತಳ್ಳಿದೀನಿ. ಉಳಿದದ್ದು ನಾಳೆ ಮಾಡ್ತೀನಿ."