ಓಟಿ (ಓವರ್‌ಟೈಮ್, ಹೆಚ್ಚುವರಿ ದುಡಿಮೆ) ಸೆಟ್ ಮಾಡುವಾಗ ನೈಟ್ ಶಿಫ್ಟ್ ಮರೆಯಬೇಡಿ

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ ಕಡೆ ಸಣ್ಣ ಕಾರ್ಖಾನೆ ನಡೆಸುವವರಿಗೆ ಒಂದು ಮಾತು. ಓಟಿ ಲೆಕ್ಕಕ್ಕೆ ಹಾಜರಿ ಸಾಫ್ಟ್‌ವೇರ್‌ನಲ್ಲಿ ದಿನದ ಮಿತಿ, ವಾರದ 48 ಗಂಟೆ ಎರಡನ್ನೂ ಹಾಕಿ. ಒಂದೇ ಗಂಟೆ ಎರಡು ಕಡೆ ಓಟಿಯಾಗಿ ಎಣಿಕೆಯಾಗಬಾರದು, ಅಷ್ಟೇ. ಓಟಿಗೆ ಎರಡು ಪಟ್ಟು ಕೂಲಿ ಅಂತ ಕಾನೂನೇ ಹೇಳುತ್ತದೆ.

ನಾವು ಎಡವಿದ್ದು ನೈಟ್ ಶಿಫ್ಟ್‌ನಲ್ಲಿ. ರಾತ್ರಿ 10ಕ್ಕೆ ಬಂದವರು ಬೆಳಿಗ್ಗೆ 8ಕ್ಕೆ ಹೊರಟರು. ಸಾಫ್ಟ್‌ವೇರ್ ನಡುರಾತ್ರಿಗೆ ದಿನ ಮುರಿದು 2 ಗಂಟೆ, 8 ಗಂಟೆ ಅಂತ ಬೇರೆ ಬೇರೆ ತೋರಿಸಿತು. ಯಾವ ದಿನವೂ ಮಿತಿ ದಾಟಲಿಲ್ಲ, ಹಾಗಾಗಿ ಓಟಿ ಸೊನ್ನೆ! ನಿದ್ದೆಗೆಟ್ಟು ದುಡಿದವರ ದುಡ್ಡು ಅದು, ಸುಮ್ನೆ ಬಿಡೋಕಾಗುತ್ತಾ? ಶಿಫ್ಟ್ ಶುರುವಾದ ದಿನಕ್ಕೇ ಎಲ್ಲ ಗಂಟೆ ಸೇರುವಂತೆ ಬದಲಿಸಿದೆವು. ಸರಿಹೋಯಿತು.

ಹೋದ ತಿಂಗಳ ಹಾಜರಿ ಹಾಕಿ, ನಾಲ್ಕು ಜನರದ್ದನ್ನು ಕೈಲೆಕ್ಕದ ಜೊತೆ ತಾಳೆ ನೋಡಿ. ಆಮೇಲೆ ಪಗಾರ ಮಾಡಿ.