ಎಮ್ಯುಲೇಟರ್ ಮಾರುವ ಮುನ್ನ ಬಯೋಸ್ ಬರೆಯುವುದು ಹೇಗೆ

ಮೊದಲ ಪ್ಲೇಸ್ಟೇಷನ್‌ಗೆ ಎಮ್ಯುಲೇಟರ್ (ಅದರ ಆಟಗಳನ್ನು ಬೇರೆ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಬರೆದು ಮಾರುವುದಾದರೆ ಸೋನಿಯ 512 ಕೆಬಿ ಬಯೋಸ್ (ಕನ್ಸೋಲ್ ಒಳಗಿನ ಮೂಲ ತಂತ್ರಾಂಶ) ನಿಮ್ಮ ಪ್ಯಾಕೇಜಿನಲ್ಲಿ ಇರಲೇಬಾರದು. ಅಧ್ಯಯನಕ್ಕಾಗಿ ಅದನ್ನು ಬಿಡಿಸಿ ಓದಬಹುದು: 2000ರಲ್ಲಿ, ಇಂಥದೇ ಎಮ್ಯುಲೇಟರ್ ಮಾರಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಹೂಡಿದ ಪ್ರಕರಣದಲ್ಲಿ ಅಮೆರಿಕದ 9ನೇ ಸರ್ಕ್ಯೂಟ್ ನ್ಯಾಯಾಲಯ ಅದನ್ನು ನ್ಯಾಯಯುತ ಬಳಕೆ ಎಂದಿತು. ಮಾರಿದ ಸರಕಿನಲ್ಲಿ ಸೋನಿಯ ಕೋಡ್ ಇರಲಿಲ್ಲ, ಅದು ಮುಖ್ಯ.

ಅದರ ಬದಲಿಗೆ ನಿಮ್ಮದೇ ಬಯೋಸ್ ಬರೆಯುವಾಗ ಸೋನಿಯ ಬಯೋಸ್ ಓದಿ ಟಿಪ್ಪಣಿ ಮಾಡುವವರು ಒಬ್ಬರು, ಕೋಡ್ ಬರೆಯುವವರು ಇನ್ನೊಬ್ಬರಾಗಿರಲಿ. ಕೋರ್ಟು ಇದನ್ನು ಕಡ್ಡಾಯ ಮಾಡಿಲ್ಲ, ಆದರೂ ನಕಲು ಮಾಡಿಲ್ಲ ಎಂಬ ಸಾಕ್ಷ್ಯಕ್ಕೆ ಇದಕ್ಕಿಂತ ಗಟ್ಟಿಯಾದದ್ದಿಲ್ಲ. ಆಟ ಬಯೋಸ್ ಫಂಕ್ಷನ್‌ಗಳನ್ನು ಕರೆಯುವುದು ಹೆಕ್ಸ್ ಎ0, ಬಿ0, ಸಿ0 ವಿಳಾಸಗಳ ಮೂಲಕ; ಪ್ರೋಗ್ರಾಂ ಕೌಂಟರ್ (ಈಗ ಓಡುತ್ತಿರುವ ಆದೇಶದ ವಿಳಾಸ) ಅವುಗಳನ್ನು ಮುಟ್ಟಿದಾಗ ತಡೆಯಿರಿ. ಪ್ರೊಸೆಸರಿನ 9ನೇ ರಿಜಿಸ್ಟರಿನಲ್ಲಿ (ಒಳಗಿನ ಪುಟ್ಟ ಸ್ಮೃತಿಕೋಶ) ಫಂಕ್ಷನ್ ಸಂಖ್ಯೆ ಇರುತ್ತದೆ. ಆ ಕೆಲಸವನ್ನು ನಿಮ್ಮ ಕೋಡೇ ಮಾಡಿ, ಉತ್ತರವನ್ನು 2ನೇ ರಿಜಿಸ್ಟರಿಗೆ ಹಾಕಿ, 31ನೇ ರಿಜಿಸ್ಟರಿನ ವಿಳಾಸಕ್ಕೆ ಮರಳಲಿ. ಇವೆಂಟ್ ಮತ್ತು ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಯಂತ್ರಾಂಶದ ಸಂಕೇತ) ನಿರ್ವಹಣೆ ತಪ್ಪಿದರೆ ಆಟ ಲೋಡಿಂಗ್‌ನಲ್ಲೇ ನಿಂತುಬಿಡುತ್ತದೆ, ಮೊದಲು ಅಲ್ಲೇ ಹುಡುಕಿ.

ವಕೀಲರ ಖರ್ಚನ್ನೂ ಮೊದಲೇ ಲೆಕ್ಕಹಾಕಿ. ಸ್ಕ್ರೀನ್‌ಶಾಟ್ ಬಳಕೆಗಾಗಿ ಸೋನಿ ಹೂಡಿದ ಮೊಕದ್ದಮೆಯ ಮೇಲ್ಮನವಿಯಲ್ಲಿ ಗೆದ್ದರೂ ಎಮ್ಯುಲೇಟರ್ ಕಂಪನಿ ಬ್ಲೀಮ್ 2001ರಲ್ಲಿ ಬಾಗಿಲು ಹಾಕಿತು. ಗೂಢಲಿಪಿಯಿರುವ ಹೊಸ ಕನ್ಸೋಲ್‌ಗಳಿಗೆ ಕನೆಕ್ಟಿಕ್ಸ್ ತೀರ್ಪೊಂದನ್ನೇ ನಂಬಬೇಡಿ: 2024ರಲ್ಲಿ ನಿಂಟೆಂಡೊ ಸ್ವಿಚ್ ಎಮ್ಯುಲೇಟರ್ ಯುಜುವಿನ ತಂಡ ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು.